ಮಹಡಿಯ ಬಾಡಿಗೆದಾರ

ಕೋವ್, ಐರ್ಲೆಂಡ್
19 ಜನವರಿ 2025

ಅಣ್ಣ,

ನಮಸ್ಕಾರ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಉಳಿದರ್ಧವನ್ನು ಅತ್ತಿಗೆ ನಿಮ್ಮ ಕಿವಿಯ ಹತ್ತಿರ ಕೂಗಿ ಹೇಳುವಾಗ ಅದು ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನ ತನಕ ಕೇಳಿಸುತ್ತದೆ. ಈ ವಿಷಯ ಅಷ್ಟು ದೂರ ಹೋಗುವುದು ಬೇಡ. ಅದಕ್ಕೆ ಕಾಗದ.

ನಾನು ಕೆಲಸ ಮಾಡುವ ವೃದ್ಧರ ಆರೈಕೆ ಮನೆ ಮೇ ಮೂವತ್ತಕ್ಕೆ ಮುಚ್ಚುತ್ತದೆ. ನನ್ನ ಕೆಲಸದ ಪರವಾನಗಿಯಲ್ಲಿ ಇರುವುದು ಆ ಮನೆಯ ಹೆಸರು. ಬೇರೆ ಏಳು ಕಡೆ ಕೇಳಿದೆ, ಏಳು ಕಡೆಯೂ ಆಗುವುದಿಲ್ಲ ಎಂದರು. ಹತ್ತೊಂಬತ್ತು ವರ್ಷ ಮೈಸೂರಿನಲ್ಲಿ ಜನರ ಕಿವಿ ಪರೀಕ್ಷಿಸಿದ ನನ್ನ ಅನುಭವಕ್ಕೆ ಇಲ್ಲಿ ಮಾನ್ಯತೆ ಸಿಗಬೇಕು. ಅದಕ್ಕೆ ಹಾಕಿದ ಅರ್ಜಿ ಎಲ್ಲೋ ಒಂದು ಮೇಜಿನ ಮೇಲಿದೆ. ಅಲ್ಲಿಯ ತನಕ ನಾನು ಮುದುಕರಿಗೆ ಸ್ನಾನ ಮಾಡಿಸುವವಳು. ಬಂದು ನಾಲ್ಕು ತಿಂಗಳೂ ಆಗಿಲ್ಲ.

ಉಳಿದಿರುವುದು ಒಂದೇ ದಾರಿ. ಡೆಕ್ಲನ್ ಈ ದೇಶದವನು, ಅವನ ಸಂಗಾತಿಯಾಗಿ ಇಲ್ಲಿ ಇರಲು ಅನುಮತಿ ಕೇಳುವುದು. ಮದುವೆಯಾಗುವ ಹಾಗಿಲ್ಲ. ಅವನ ವಿಚ್ಛೇದನ ಇನ್ನೂ ನ್ಯಾಯಾಲಯದಲ್ಲಿದೆ, ಅವನ ಹೆಂಡತಿ ಮನೆಯ ವಿಷಯದಲ್ಲಿ ಹಟ ಹಿಡಿದಿದ್ದಾಳೆ. ಮದುವೆ ಇಲ್ಲದಿದ್ದರೆ, ಎರಡು ವರ್ಷವಾದರೂ ಗಂಡ ಹೆಂಡಿರಂತೆ ಒಂದೇ ಕಡೆ ಬಾಳಿದ್ದೇವೆ ಎಂಬುದಕ್ಕೆ ಪುರಾವೆ ಬೇಕು. ನಾವು ಬಾಳಿದ್ದು ನಿಮ್ಮ ತಲೆಯ ಮೇಲಿನ ಮಹಡಿಯಲ್ಲಿ, ಐದೂವರೆ ವರ್ಷ.

ಫೋಟೊಗಳನ್ನು ಹುಡುಕಿದೆ. ಎಂಬತ್ತು ಇವೆ. ಇಬ್ಬರೇ ಇರುವುದು ಒಂದೂ ಇಲ್ಲ. ಎಲ್ಲದರಲ್ಲೂ ನಡುವೆ ಅತ್ತಿಗೆ ನಿಂತಿದ್ದಾರೆ.

ಅದಕ್ಕೆ ಎರಡು ಕೇಳುತ್ತೇನೆ. ಡೆಕ್ಲನ್ ಮನೆಯಲ್ಲಿದ್ದಾಗ ನೀವು ಪೊಲೀಸರಿಗೆ ಕೊಡುತ್ತಿದ್ದ ಸಿ ಫಾರಂಗಳ ಪ್ರತಿಗಳು. ಮತ್ತೆ ನಿಮ್ಮಿಂದ ಒಂದು ಪತ್ರ. ನಾವಿಬ್ಬರೂ ಮೇಲೆ ಒಟ್ಟಿಗೆ ಇದ್ದೆವು, ಅದು ನಿಮಗೆ ಗೊತ್ತಿತ್ತು ಎಂದು. ನಾಲ್ಕು ಸಾಲು ಸಾಕು.

ಅಪೂರ್ವ

*

ಚಾಮರಾಜಪುರಂ, ಮೈಸೂರು
9 ಫೆಬ್ರವರಿ 2025

ಚಿ. ಅಪೂರ್ವಳಿಗೆ ಅಣ್ಣ ಸುಂದರೇಶನ ಆಶೀರ್ವಾದ.

ಕಾಗದ ಹದಿನಾರು ದಿನಕ್ಕೆ ತಲುಪಿತು. ನೀನು ಹೋದ ಮೇಲೆ ಬಲಗಿವಿ ಇನ್ನಷ್ಟು ಮಂದವಾಗಿದೆ. ನೀನು ಹಾಕಿಕೊಟ್ಟ ಯಂತ್ರ ಬೀರುವಿನಲ್ಲಿದೆ. ಅದನ್ನು ಹಾಕಿಕೊಂಡರೆ ಬೇಕಾದ್ದಕ್ಕಿಂತ ಬೇಡವಾದದ್ದೇ ಹೆಚ್ಚು ಕೇಳಿಸುತ್ತದೆ.

ನಮ್ಮ ಹುಡುಗಿ ಗಗನಳಿಗೆ ಒಂದು ಸಂಬಂಧ ಬಂದಿದೆ. ಸರಸ್ವತಿಪುರಂನವರು. ಹುಡುಗನ ಹೆಸರು ವಸಿಷ್ಠ, ಅವನ ತಾತ ಅರಮನೆ ಕಚೇರಿಯಲ್ಲಿ ನಮ್ಮ ತಾತನ ಜೊತೆ ಇದ್ದವರಂತೆ. ಬಂದು ನೋಡಿ ಹೋದರು. ಹುಡುಗನ ತಾಯಿ ಮಹಡಿಯನ್ನೂ ನೋಡಬೇಕೆಂದರು. ನಿನ್ನ ಅತ್ತಿಗೆ ಕಮಲ ಮೊದಲೇ ಹೋಗಿ ಎರಡು ಮಂಚಗಳನ್ನೂ ಒಂದೊಂದು ಗೋಡೆಗೆ ಸರಿಸಿ ಬಂದಿದ್ದಳು, ಅಭ್ಯಾಸ. ಯಾರೂ ಇಲ್ಲದ ಕೋಣೆಯಲ್ಲಿ ಅದರ ಅಗತ್ಯವೇನಿತ್ತೋ.

ಆಕೆ ಕೇಳಿದರು, 'ಮೇಲೆ ಯಾರಿದ್ರು?' ಕಮಲ ಅಂದಳು, 'ಒಬ್ರು ಫಾರಿನ್ನೋರು ಬಾಡಿಗೆಗಿದ್ರು ಕಣ್ರೀ, ತುಂಬ ಸಂಭಾವಿತರು, ಹುಳೀಗೆ ಬೆಳ್ಳುಳ್ಳೀನೂ ಕೇಳ್ತಿರ್ಲಿಲ್ಲ.' ಎಲ್ಲರೂ ನಕ್ಕರು.

ಸಿ ಫಾರಂಗಳು ಎಲ್ಲವೂ ಕಡತದಲ್ಲಿವೆ, ಪ್ರತಿ ಹಾಳೆಗೂ ಸಂಖ್ಯೆ ಹಾಕಿದ್ದೇನೆ. ಜೊತೆಗೆ ಇಟ್ಟಿದ್ದೇನೆ. ಪತ್ರದ ವಿಷಯ ಯೋಚಿಸುತ್ತಿದ್ದೇನೆ. ಡೆಕ್ಲನ್ ಅವರೇ ಇಲ್ಲಿಗೆ ಬಂದು ಇರಬಾರದೇ? ಇಲ್ಲಿ ಯಾರು ಬೇಡ ಅಂದದ್ದು?

ಸುಂದರೇಶ

*

ಕೋವ್
24 ಫೆಬ್ರವರಿ 2025

ಅಣ್ಣ,

ಫಾರಂಗಳು ಬಂದವು. ಹನ್ನೊಂದು ಹಾಳೆ. ಹನ್ನೊಂದರಲ್ಲೂ, ಮನೆಯವರಿಗೂ ವಿದೇಶಿಗೂ ಏನು ಸಂಬಂಧ ಎಂಬಲ್ಲಿ 'ಬಾಡಿಗೆದಾರ' ಎಂದಿದೆ. ಮರೆತಿದ್ದೆ.

ಮೊದಲನೆಯ ಸಲ ನೀವು ಅದನ್ನು ತುಂಬಿದ ದಿನ ನೆನಪಿದೆ. ಊಟದ ಮೇಜು, ನಿಮ್ಮ ಮುಂದೆ ಗಗನಳ ಲ್ಯಾಪ್‌ಟಾಪ್. 'ಏನಂತ ಹಾಕಲಿ?' ಎಂದಿರಿ. ಯಾರನ್ನು ಕೇಳಿದಿರೋ ಗೊತ್ತಾಗಲಿಲ್ಲ. ನಾನು ಬೀನ್ಸ್ ಮುರಿಯುತ್ತಿದ್ದೆ. ಡೆಕ್ಲನ್ ನಗುತ್ತಿದ್ದ, ಅವನಿಗೆ ಅರ್ಥವಾಗಿರಲಿಲ್ಲ. ಕೊನೆಗೆ ಅತ್ತಿಗೆ ಅಂದರು, 'ಬಾಡಿಗೆ ಅಂತ ಹಾಕ್ರೀ ಸುಮ್ನೆ, ಪೊಲೀಸಿನೋರಿಗೆ ಪುರಾಣ ಯಾಕೆ.' ನೀವು ಹಾಕಿದಿರಿ. ನಾನೂ ಸುಮ್ಮನಿದ್ದೆ. ಈಗ ಹನ್ನೊಂದು ಸಲ ಸುಮ್ಮನಿದ್ದದ್ದು ಹಾಳೆಗಳಾಗಿ ಮೇಜಿನ ಮೇಲಿದೆ.

ಡೆಕ್ಲನ್ ಅಲ್ಲಿಗೇ ಬರಲಿ ಎಂದಿದ್ದೀರಿ. ಅವನು ಅಷ್ಟು ವರ್ಷ ಅಲ್ಲಿದ್ದದ್ದು ಹೂಟಗಳ್ಳಿಯ ಕಾರ್ಖಾನೆ ಕೊಟ್ಟ ಕೆಲಸದ ವೀಸಾದ ಮೇಲೆ. ಯಂತ್ರಗಳನ್ನು ಕೂರಿಸುವ ಆ ವಿಭಾಗವೇ ಈಗಿಲ್ಲ. ಐವತ್ತಮೂರು ವರ್ಷದ ಪರದೇಶದ ಫಿಟ್ಟರನಿಗೆ ಸರ್ಕಾರ ಹೇಳುವಷ್ಟು ಸಂಬಳ ಕೊಟ್ಟು ಕರೆಸಿಕೊಳ್ಳುವವರು ಯಾರು? ಪ್ರವಾಸಿಯಾಗಿ ಬರಬಹುದು, ತಿಂಗಳ ಲೆಕ್ಕದಲ್ಲಿ ಇದ್ದು ಹೋಗಬಹುದು. ಭಾರತೀಯಳ ಗಂಡ ಎಂದಾದರೆ ಬೇರೆ ಮಾತು. ಅವನು ಗಂಡನಲ್ಲ. ಅವನು ಅಲ್ಲಿ ಬಾಡಿಗೆದಾರ, ನಾನು ಇಲ್ಲಿ ಆರೈಕೆಯವಳು. ನಾವಿಬ್ಬರೂ ಪರಸ್ಪರ ಏನು ಎಂಬುದಕ್ಕೆ ಯಾವ ದೇಶದಲ್ಲೂ ಕಾಲಂ ಇಲ್ಲ.

ಆದ್ದರಿಂದ ನಿಮ್ಮ ಪತ್ರವೇ ಈಗ ಎಲ್ಲ. ಫಾರಂನಲ್ಲಿ ಹೀಗೆ ಬರೆದದ್ದು ಲೋಕದ ಕಣ್ಣಿಗೆ ಎಂದು ನೀವು ಹೇಳಬೇಕು. ಇಲ್ಲಿಯ ವಕೀಲೆ ಹೇಳುತ್ತಾಳೆ, ಮನೆಯ ಹಿರಿಯ, ಅದರಲ್ಲೂ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು ಹೇಳಿದರೆ ತೂಕವಿದೆ ಎಂದು. ಅರ್ಜಿಯ ಸಂಖ್ಯೆ, ಇಲಾಖೆಯ ವಿಳಾಸ ಕೆಳಗೆ ಬರೆದಿದ್ದೇನೆ. ಪತ್ರವನ್ನು ಮೊದಲು ನನಗೆ ಕಳಿಸಿ. ಗಗನಳ ಕೈಲಿ ಒಂದು ಫೋಟೊ ತೆಗೆಸಿ ಕಳಿಸಿದರೂ ಆಗುತ್ತದೆ.

ನಾವು ಚೆನ್ನಾಗಿದ್ದೇವೆ.

ಅಪೂರ್ವ

*

ಚಾಮರಾಜಪುರಂ
18 ಮಾರ್ಚ್ 2025

ಚಿ. ಅಪೂರ್ವಳಿಗೆ ಆಶೀರ್ವಾದ.

ಕೆಲಸ ಮುಗಿಯಿತು. ಪತ್ರವನ್ನು ನೆನ್ನೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೇರವಾಗಿ ಆ ಇಲಾಖೆಯ ಅಧಿಕಾರಿಗೇ ಕಳಿಸಿದ್ದೇನೆ. ಮೊದಲು ನಿನಗೆ ಕಳಿಸಬೇಕೆಂದು ನೀನು ಬರೆದಿದ್ದೆ. ಆದರೆ ಯಾರ ಬಗ್ಗೆ ವರದಿಯೋ ಅವರ ಕೈಯಿಂದಲೇ ವರದಿ ಹೋದರೆ ಅದಕ್ಕೆ ಬೆಲೆ ಇರುವುದಿಲ್ಲ. ಮೂವತ್ತನಾಲ್ಕು ವರ್ಷದ ಅನುಭವದಲ್ಲಿ ಹೇಳುತ್ತಿದ್ದೇನೆ. ಲಕೋಟೆಯ ಮೇಲೆ 'ಗೋಪ್ಯ' ಎಂದು ಇಂಗ್ಲಿಷಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಫೋಟೊ ತೆಗೆಸಲಿಲ್ಲ. ಗಗನ ಓದುವಂಥದ್ದಲ್ಲ.

ಮೂರು ದಿನ ಕರಡು ತಿದ್ದಿದೆ. ಕಮಲ ಬಂದು ಬಂದು ನೋಡಿದಳು. 'ಏನ್ರೀ ಇದು, ಅಸೆಂಬ್ಲಿ ಪ್ರಶ್ನೆಗೆ ಉತ್ತರಾನಾ? ಕಾಫಿ ಆರೋಗ್ತಿದೆ.' ಅವಳಿಗೇನು ಗೊತ್ತು. ಒಂದು ಪದ ಆಚೀಚೆ ಆದರೆ ಕಡತ ಇಪ್ಪತ್ತು ವರ್ಷ ಕೂರುತ್ತದೆ.

ನಿನಗೆ ಒಂದು ಮಾತು ಹೊಳೆದಿಲ್ಲ ಅನಿಸುತ್ತದೆ. ಅವರಿಗೆ ಹೆಂಡತಿ ಇದ್ದಾಳೆ, ಕಾನೂನಿನ ಪ್ರಕಾರ ಇವತ್ತಿಗೂ. ಹೆಂಡತಿ ಇರುವವರ ಜೊತೆ ಸಂಸಾರ ಮಾಡಿದಳು ಎಂದು ಸ್ವಂತ ಅಣ್ಣನೇ ಸರ್ಕಾರಕ್ಕೆ ಬರೆದು ಕೊಟ್ಟರೆ ಯಾವ ಅಧಿಕಾರಿ ತಾನೇ ನಿನ್ನನ್ನು ಗೌರವದಿಂದ ನೋಡುತ್ತಾನೆ? ಯಾವ ದೇಶವೇ ಆಗಲಿ, ಮೇಜಿನ ಹಿಂದೆ ಕೂತವನು ಮೊದಲು ನೋಡುವುದು ನಡತೆಯನ್ನು. ಅದನ್ನೆಲ್ಲ ಯೋಚಿಸಿ, ನಿನ್ನ ಮೇಲೆ ಯಾರೂ ಬೆರಳು ತೋರಿಸದ ಹಾಗೆ ಬರೆದಿದ್ದೇನೆ. ಡೆಕ್ಲನ್ ಅವರ ಬಗ್ಗೆಯೂ ಒಳ್ಳೆಯ ಮಾತನ್ನೇ ಬರೆದಿದ್ದೇನೆ. ಇಬ್ಬರಿಗೂ ಅನುಕೂಲವಾಗುತ್ತದೆ.

ಗಗನಳ ನಿಶ್ಚಿತಾರ್ಥ ಮೇ ಹದಿನೆಂಟಕ್ಕೆ.

ಸುಂದರೇಶ

*

ಕೋವ್
2 ಏಪ್ರಿಲ್ 2025

ಅಣ್ಣ,

ಏನು ಬರೆದಿರಿ? ಒಂದು ನಕಲನ್ನು ತಕ್ಷಣ ಕಳಿಸಿ. ಅತ್ತಿಗೆಗೆ ಫೋನ್ ಮಾಡಿದೆ. 'ನಂಗೇನ್ ಗೊತ್ತಮ್ಮ, ಇಂಗ್ಲಿಷಲ್ಲಿ ಬರೆದ್ರು, ತುಂಬ ಚೆನ್ನಾಗಿತ್ತು ಅನ್ಸುತ್ತೆ, ಓದ್ಕೊಂಡು ಅವರೇ ತಲೆ ಆಡಿಸ್ತಿದ್ರು' ಎಂದರು.

ಅಪೂರ್ವ

*

ಚಾಮರಾಜಪುರಂ
20 ಏಪ್ರಿಲ್ 2025

ಚಿ. ಅಪೂರ್ವಳಿಗೆ.

ಗೋಪ್ಯ ಪತ್ರದ ನಕಲನ್ನು ಸಂಬಂಧಪಟ್ಟವರಿಗೆ ಕೊಡುವ ಪದ್ಧತಿ ಇಲ್ಲ. ಧೈರ್ಯವಾಗಿರು. ಅಧಿಕಾರಿಗೆ ತಲುಪಿದೆ, ಸ್ವೀಕೃತಿ ಚೀಟಿ ವಾಪಸ್ಸು ಬಂತು. ಯಾರೋ ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದಾರೆ. ನಮ್ಮಲ್ಲಿ ಹಸಿರು ಶಾಯಿ ಎಂದರೆ ಮೇಲಿನ ದರ್ಜೆಯವರು.

ನಿಶ್ಚಿತಾರ್ಥಕ್ಕೆ ನೀನು ಬರಲಾಗುವುದಿಲ್ಲ ಎಂದು ಹೇಳಿದ್ದೇನೆ. ವಿದೇಶದಲ್ಲಿ ಆಸ್ಪತ್ರೆ ಕೆಲಸ ಎಂದಿದ್ದೇನೆ.

ಸುಂದರೇಶ

*

ಕೋವ್
9 ಮೇ 2025

ಅಣ್ಣ,

ಅರ್ಜಿ ತಿರಸ್ಕೃತವಾಗಿದೆ. ಆದೇಶ ಎರಡೂವರೆ ಪುಟ. ಅದರಲ್ಲಿ ಅರ್ಧ ಪುಟ ನಿಮ್ಮದು. ನೀವು ನಕಲು ಕೊಡದಿದ್ದರೂ ಅವರು ಕೊಟ್ಟಿದ್ದಾರೆ. ಇಂಗ್ಲಿಷಿನಿಂದ ಇಳಿಸುತ್ತೇನೆ, ನೀವು ಬರೆದದ್ದು ನಿಮಗೆ ಕನ್ನಡದಲ್ಲಿ ಹೇಗೆ ಕೇಳಿಸುತ್ತದೋ ನೋಡಿ.

'ನನ್ನ ತಂಗಿಯು ಸದರಿ ಅವಧಿಯಲ್ಲೆಲ್ಲ ನನ್ನ ಕುಟುಂಬದ ಜೊತೆ ಕೆಳಗಿನ ಮನೆಯಲ್ಲಿ, ದೇವರಮನೆಯ ಪಕ್ಕದ ಕೋಣೆಯಲ್ಲಿ ವಾಸವಾಗಿದ್ದಳು. ಡೆಕ್ಲನ್ ಅವರು ಮಹಡಿಯಲ್ಲಿ ಬಾಡಿಗೆಗೆ ಇದ್ದರು. ಮಹಡಿಗೆ ಹೊರಗಿನಿಂದ ಪ್ರತ್ಯೇಕ ಮೆಟ್ಟಿಲು, ಪ್ರತ್ಯೇಕ ಬೀಗ ಇವೆ. ಐದೂವರೆ ವರ್ಷಗಳಲ್ಲಿ ಅನುಚಿತವೆನ್ನಬಹುದಾದ ಒಂದೇ ಒಂದು ಸಂದರ್ಭವೂ ನನ್ನ ಕಣ್ಣಿಗಾಗಲಿ ಕಿವಿಗಾಗಲಿ ಬಿದ್ದಿಲ್ಲ. ಇಬ್ಬರ ನಡತೆಯೂ ನಿಷ್ಕಳಂಕ.'

ಅಧಿಕಾರಿಯ ಷರಾ ಒಂದೇ ಸಾಲು. ಅರ್ಜಿದಾರಳ ಹತ್ತಿರದ ಬಂಧುವೇ, ತಾವಾಗಿ, ಸಹವಾಸ ಇರಲಿಲ್ಲ ಎಂದು ದೃಢಪಡಿಸಿದ್ದಾರೆ.

ವಕೀಲೆ ಕೇಳಿದಳು, ನಿನ್ನ ಅಣ್ಣನಿಗೆ ನಿನ್ನ ಮೇಲೆ ದ್ವೇಷವೇ ಎಂದು. ಇಲ್ಲ, ಇದು ಪ್ರೀತಿ ಎಂದೆ. ಅವಳು ಏನೋ ಬರೆದುಕೊಂಡಳು.

ಕಿವಿಗೂ ಬಿದ್ದಿಲ್ಲ ಎಂದು ಬರೆದಿದ್ದೀರಿ. 2019ರಲ್ಲಿ ನಿಮ್ಮ ಕಿವಿಯನ್ನು ಪರೀಕ್ಷೆ ಮಾಡಿದ್ದು ನಾನು. ಆ ನಕ್ಷೆ ನನ್ನ ಹತ್ತಿರ ಈಗಲೂ ಇದೆ. ನಿಮಗೆ ಹೋಗಿರುವುದು ಸಣ್ಣ, ಚೂಪಾದ ಸ್ವರಗಳು. ಅತ್ತಿಗೆಯ ಮಾತು, ಬಾಗಿಲ ಗಂಟೆ, ಗುಬ್ಬಿ. ದಪ್ಪ ಸದ್ದುಗಳಿಗೆ ನಿಮ್ಮ ಕಿವಿ ಇಪ್ಪತ್ತು ವರ್ಷದ ಹುಡುಗನದು. ಲಾರಿ, ಗುಡುಗು, ತಲೆಯ ಮೇಲೆ ನೆಲದಲ್ಲಿ ಏನನ್ನಾದರೂ ಎಳೆದರೆ ಅದು. ಆ ದಿನ ನಾನು ಇದನ್ನು ನಿಮಗೆ ಹೇಳಲಿಲ್ಲ. ನಿಮಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಾಗಿದೆ ಎಂಬುದು ನಿಮಗೆ ಗೊತ್ತಾಗುವುದು ಬೇಡವೆನಿಸಿತು.

ನಾನೀಗ ಏನನ್ನೂ ಕೇಳುತ್ತಿಲ್ಲ. ಗಗನಳ ನಿಶ್ಚಿತಾರ್ಥ ಚೆನ್ನಾಗಿ ಆಗಲಿ.

ಅಪೂರ್ವ

*

ಚಾಮರಾಜಪುರಂ
2 ಜೂನ್ 2025

ಅಪೂರ್ವ,

ನಿನ್ನ ಕಾಗದ ನಿಶ್ಚಿತಾರ್ಥದ ನಾಲ್ಕನೆಯ ದಿನ ಬಂತು. ಕಮಲಳಿಗೆ ತೋರಿಸಿದೆ. ಅವಳು ಓದಿ, ಮಡಚಿ, ಕೈಗೆ ಕೊಟ್ಟು ಅಂದಳು, 'ನಾನು ಪೊಲೀಸಿನೋರಿಗೆ ಸುಳ್ಳು ಹೇಳಿ ಅಂದಿದ್ದೆ ಕಣ್ರೀ. ಅವಳನ್ನ ಉಳಿಸ್ಕೊಳ್ಳೋರಿಗೆ ಹೇಳಿ ಅಂದಿದ್ನಾ?' ಆಮೇಲೆ ಎರಡು ದಿನ ಮಾತಾಡಲಿಲ್ಲ. ಮಾತಾಡಿದ್ದರೂ ನನಗೆ ಕೇಳಿಸುತ್ತಿರಲಿಲ್ಲ ಎಂದು ನೀನೇ ಬರೆದಿದ್ದೀಯ.

ಇದರ ಜೊತೆ ಇನ್ನೊಂದು ಹೇಳಿಕೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಹೊರಟರೆ ಮೊದಲಿನ ಪತ್ರವೇ ಮತ್ತೆ ಬರುತ್ತದೆ. ಅದಕ್ಕೆ ಕನ್ನಡದಲ್ಲಿದೆ. ಅನುವಾದ ಮಾಡಿಸಿಕೊ. ಈ ಸಲ ನಿನ್ನ ಕೈಗೇ ಕಳಿಸುತ್ತಿದ್ದೇನೆ. ಲಕೋಟೆಯ ಮೇಲೆ ಏನೂ ಬರೆದಿಲ್ಲ. ಕಾಲಕ್ಕೆ ಸರಿಯಾಗಿ ಸಿಗುತ್ತದೆಯೇ, ತಿಳಿಸು.

ಸುಂದರೇಶ

*ಸಂಬಂಧಪಟ್ಟವರಿಗೆ*

ನಾನು ಮಾರ್ಚ್ ಹದಿನೇಳರಂದು ಕಳಿಸಿದ ಪತ್ರ ಸುಳ್ಳು. ಅದನ್ನು ಬರೆದಾಗ ಅದು ಸುಳ್ಳೆಂದು ನನಗೆ ತಿಳಿದಿತ್ತು. ತಂಗಿಗೆ ಒಳ್ಳೆಯದಾಗುತ್ತದೆ ಎಂದು ಬರೆದೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು ಎಂಬುದೂ ಕಾರಣ.

ಮಹಡಿಯಲ್ಲಿ ತೇಗದ ಎರಡು ಒಂಟಿ ಮಂಚಗಳಿವೆ. 2017ರ ಅಕ್ಟೋಬರಿನಿಂದ ಅವು ಜೋಡಿಯಾಗಿದ್ದವು. ನೆಂಟರು ಬರುವ ದಿನ, ಪೊಲೀಸ್ ಪೇದೆ ನಿಂಗಯ್ಯ ವಿಚಾರಣೆಗೆ ಬರುವ ದಿನ, ಬೆಳಿಗ್ಗೆಯೇ ಮೇಲೆ ಮಂಚ ಎಳೆಯುವ ಸದ್ದಾಗುತ್ತಿತ್ತು. ನಿಂಗಯ್ಯ ಒಮ್ಮೆ ಕೇಳಿದ, 'ಸಾ, ಇವ್ರು ನಿಮಗೇನಾಗ್ಬೇಕು?' 'ಏನೂ ಆಗ್ಬೇಕಿಲ್ಲಪ್ಪ, ಬಾಡಿಗೆ' ಎಂದೆ. ಡೆಕ್ಲನ್ ಅವರು ಪಕ್ಕದಲ್ಲೇ ನಿಂತಿದ್ದರು. ಆ ಹೊತ್ತಿಗೆ ಅವರಿಗೆ ಅಷ್ಟು ಕನ್ನಡ ಬರುತ್ತಿತ್ತು.

ಬಂದವರು ಹೋದ ಮೇಲೆ, ಅವರ ಆಟೋ ರಸ್ತೆಯ ತಿರುವು ದಾಟುವುದಕ್ಕೆ ಮೊದಲೇ, ಮಂಚಗಳು ಮತ್ತೆ ಸೇರುವ ಸದ್ದು. ನಾನು ಕೆಳಗೆ ಆರಾಮಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ. ಅದನ್ನು ಕೇಳಲು ನನಗೆ ಯಂತ್ರ ಬೇಕಾಗಿರಲಿಲ್ಲ. ಬೇರ್ಪಡಿಸುವಾಗ ನಿಧಾನವಾಗಿ, ತಡೆದು ತಡೆದು ಎಳೆಯುತ್ತಿದ್ದರು. ಸೇರಿಸುವಾಗ ಒಂದೇ ಎಳೆತ. ಆ ಸದ್ದು ಬರುವ ತನಕ ನಾನು ಪೇಪರಿನ ಪುಟ ತಿರುಗಿಸುತ್ತಿರಲಿಲ್ಲ.

2021ರಲ್ಲಿ ಡೆಕ್ಲನ್ ಅವರಿಗೆ ಕೋವಿಡ್ ಬಂದು ಹದಿನೇಳು ದಿನ ಮಲಗಿದ್ದರು. ನನ್ನ ತಂಗಿ ಅಷ್ಟು ದಿನವೂ ಕೆಳಗೆ ಇಳಿಯಲಿಲ್ಲ. ನನ್ನ ಹೆಂಡತಿ ಮೆಟ್ಟಿಲ ಮೇಲೆ ಇಬ್ಬರಿಗೆ ಊಟ ಇಡುತ್ತಿದ್ದಳು, ಒಂದೇ ತಟ್ಟೆ ತೊಳೆದಿಟ್ಟಿರುತ್ತಿತ್ತು.

ಮಹಡಿಯ ನೆಲ ಕೆಂಪು ಗಾರೆಯದು, ನಮ್ಮ ತಂದೆಯವರ ಕಾಲದ್ದು. ಇವತ್ತು ಬೆಳಿಗ್ಗೆ ಮೇಲೆ ಹೋಗಿ ನೋಡಿದೆ. ಗೋಡೆಯಿಂದ ನಡುವಿನ ತನಕ ಮಂಚದ ಕಾಲಿನ ಗೀರುಗಳಿವೆ. ಎಣಿಸಲು ಹೋಗಿ ಬಿಟ್ಟೆ, ಒಂದರ ಮೇಲೊಂದು ಬಿದ್ದು ಬಿಳಿಯ ಪಟ್ಟಿಯೇ ಆಗಿದೆ. ಫೋಟೊ ಲಗತ್ತಿಸಿದ್ದೇನೆ.

ಅವರು ಗಂಡ ಹೆಂಡಿರ ಹಾಗೆ ಬಾಳಿದರು. ನನಗೆ ಗೊತ್ತಿತ್ತು.

ಸುಂದರೇಶ, ಮೈಸೂರು

*

ಕೋವ್
19 ಜೂನ್ 2025

ಅಣ್ಣ,

ನಿಮ್ಮ ಲಕೋಟೆ ಹದಿನಾರರಂದು ಬಂತು. ಕಾಲಕ್ಕೆ ಸರಿಯಾಗಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಮರುಪರಿಶೀಲನೆಗೆ ಬರೆದುಕೊಳ್ಳಲು ಜೂನ್ ಆರರ ತನಕ ಅವಕಾಶವಿತ್ತು. ಹಿಂದಿನ ಕಾಗದದಲ್ಲಿ ಆ ತಾರೀಖನ್ನು ನಾನು ನಿಮಗೆ ಬರೆದಿರಲಿಲ್ಲ. ಬರೆದಿದ್ದರೆ ನೀವು ಗಗನಳನ್ನು ಎಬ್ಬಿಸಿ ಅವತ್ತೇ ಫೋಟೊ ತೆಗೆಸಿ ಕಳಿಸುತ್ತಿದ್ದಿರಿ. ಅದು ನನಗೆ ಗೊತ್ತಿತ್ತು. ಈ ಸಲ ನಿಮ್ಮ ತಪ್ಪಲ್ಲ.

ಏಕೆ ಬರೆಯಲಿಲ್ಲ ಎಂದು ಹತ್ತು ದಿನದಿಂದ ಯೋಚಿಸುತ್ತಿದ್ದೇನೆ. ಫೆಬ್ರವರಿಯಲ್ಲಿ, ನಾವು ಚೆನ್ನಾಗಿದ್ದೇವೆ ಎಂದಿದ್ದೆ. ಈ ಮನೆಯಲ್ಲಿ ಎರಡು ಕೋಣೆಗಳಿವೆ. ನನ್ನ ಪಾಳಿ ಅವನ ನಿದ್ದೆ ಕೆಡಿಸುತ್ತದೆಂದು ಡಿಸೆಂಬರಿನಲ್ಲಿ ನಾನು ಆಚೆಯ ಕೋಣೆಗೆ ಹೋದೆ. ಜನವರಿಯಲ್ಲಿ ಪಾಳಿ ಬದಲಾಯಿತು. ನಾನು ಬದಲಾಗಲಿಲ್ಲ, ಅವನೂ ಕರೆಯಲಿಲ್ಲ. ಇಲ್ಲಿ ಯಾರೂ ಬರುವುದಿಲ್ಲ, ಯಾರಿಗಾಗಿಯೂ ಏನನ್ನೂ ಸರಿಸಬೇಕಾಗಿಲ್ಲ. ಜಗಳವಿಲ್ಲ. ಅವನು ಬೆಳಿಗ್ಗೆ ಬಂದರಿನ ಕಡೆ ನಡೆಯಲು ಹೋಗುತ್ತಾನೆ, ನಾನು ಕಿಟಕಿಯಿಂದ ನೋಡುತ್ತೇನೆ. ಅವನು ಮೈಸೂರು ಬಿಟ್ಟ ಮೇಲೆ ಹತ್ತೊಂಬತ್ತು ತಿಂಗಳು ಬೇರೆ ಬೇರೆ ದೇಶಗಳಲ್ಲಿ ಕಾದದ್ದಕ್ಕಿಂತ ಈ ಎಂಟು ತಿಂಗಳು ಉದ್ದವಾಗಿದ್ದವು.

ನಿಮ್ಮ ಹೇಳಿಕೆಯನ್ನು ಅವನಿಗೆ ಓದಿ ಹೇಳಿದೆ, ಒಂದೊಂದೇ ವಾಕ್ಯ, ಇಂಗ್ಲಿಷಿನಲ್ಲಿ. ಮಂಚದ ಭಾಗ ಬಂದಾಗ ಕೈಯೆತ್ತಿ ನಿಲ್ಲಿಸಿದ.

'ಅವರಿಗೆ ಕೇಳಿಸುತ್ತಿತ್ತೇ?'

ಹೂಂ ಎಂದೆ.

'ನಿನಗೆ ಗೊತ್ತಿತ್ತೇ?'

ಅದಕ್ಕೂ ಹೂಂ ಎಂದೆ.

ಅವನು ಎದ್ದು ಹೋಗಿ ಚಹಾ ಮಾಡಿಕೊಂಡ. ಒಂದು ಕಪ್ಪು. ಮಾಡಿದ ಮೇಲೆ ಅವನಿಗೇ ಹೊಳೆಯಿತು, ಅದನ್ನು ನನ್ನ ಮುಂದೆ ಇಟ್ಟು ಹೊರಗೆ ಹೋದ. ನೆಲದ ಆ ಫೋಟೊ ಈಗ ಅವನ ಹತ್ತಿರ ಇದೆ. ನಾನು ವಾಪಸ್ಸು ಕೇಳಲಿಲ್ಲ.

ಹೊರಡಲು ನನಗೆ ಕೊಟ್ಟ ದಿನಗಳು ಈ ತಿಂಗಳ ಕೊನೆಗೆ ಮುಗಿಯುತ್ತವೆ. ಇಪ್ಪತ್ತೆಂಟರ ಮಧ್ಯಾಹ್ನ ಮೈಸೂರು ತಲುಪುತ್ತೇನೆ. ಸ್ಟೇಷನ್ನಿಗೆ ಬರಬೇಡಿ. ಗಗನಳ ಮದುವೆ ಮುಗಿಯುವ ತನಕ ಯಾರು ಏನು ಕೇಳಿದರೂ ಆಸ್ಪತ್ರೆಯ ಕೆಲಸ ಬಿಟ್ಟು ಬಂದೆ ಎನ್ನುತ್ತೇನೆ. ನಿಮ್ಮ ಹೇಳಿಕೆಯನ್ನು ವಾಪಸ್ಸು ತರುತ್ತಿದ್ದೇನೆ, ಕಡತದಲ್ಲಿ ಸಂಖ್ಯೆ ಹಾಕಿ ಇಡಿ.

ಅತ್ತಿಗೆಗೆ ಹೇಳಿ, ನನಗಾಗಿ ಮಹಡಿಯ ಬೀಗ ತೆಗೆಸುವುದು ಬೇಡ. ದೇವರಮನೆಯ ಪಕ್ಕದ ಕೋಣೆ ನನಗೆ ಸಾಕು. ನೀವು ಮಾರ್ಚಿನಲ್ಲಿ ಬರೆದದ್ದರಲ್ಲಿ ಇನ್ನು ಯಾವ ಪದವನ್ನೂ ತಿದ್ದಬೇಕಾಗಿಲ್ಲ.

ಮೇಲೆ ಯಾರನ್ನಾದರೂ ಬಾಡಿಗೆಗೆ ಇಡಿ. ಬಂದವರು ನೆಲ ನೋಡಿ ಕೇಳಿದರೆ, ಹಿಂದೆ ಇದ್ದವರ ಕಾಲದ್ದು ಎಂದುಬಿಡಿ.

ಅಪೂರ್ವ